ಅಳಿಸುವ ಅಧಿಕಾರ

ಅನ್ಸ್ ಮಾರೋ, ಡೊಮಿನಿಕಾ
11 ಫೆಬ್ರವರಿ 2018

ತಮ್ಮ ಹಿಲೇರ್‌ಗೆ,

ಕ್ರಿಸ್‌ಮಸ್ ಕಾರ್ಡ್ ಬಿಟ್ಟು ನಾನು ನಿನಗೆ ಕಾಗದ ಬರೆದು ಒಂಬತ್ತು ವರ್ಷವಾಯಿತು. ಗಾಬರಿಯಾಗಬೇಡ, ನಾನು ಚೆನ್ನಾಗಿದ್ದೇನೆ. ಸೆಪ್ಟೆಂಬರ್ ಬಿರುಗಾಳಿಗೆ ಮನೆಯ ಚಾವಣಿ ಹಾರಿಹೋಯಿತು. ಈಗ ಟಾರ್ಪಾಲಿನ ಕೆಳಗೆ ಅಡುಗೆ, ಟಾರ್ಪಾಲಿನ ಕೆಳಗೆ ನಿದ್ದೆ. ಅಮ್ಮ ಕಟ್ಟಿಸಿದ ಗೋಡೆಗಳು ಮಾತ್ರ ನಿಂತಿವೆ.

ನಿನ್ನಿಂದ ಒಂದು ಕೆಲಸ ಆಗಬೇಕು. ಅದಕ್ಕೇ ಈ ಕಾಗದ. ಆ ದಿನ ಸಮುದ್ರ ಸ್ಮಶಾನದೊಳಕ್ಕೂ ಬಂತು. ಮೇಲಿನ ಸಾಲುಗಳು ಉಳಿದವು. ಕೆಳಗಿನ ಭಾಗ ಹೋಯಿತು. ಕಲ್ಲು, ಶಿಲುಬೆ, ಪೆಟ್ಟಿಗೆ, ಮಣ್ಣು, ಎಲ್ಲ. ನೂರಮೂವತ್ತೊಂದು ಗೋರಿಗಳು. ಚರ್ಚಿನ ದಫ್ತರು ನೆನೆದು ಮುದ್ದೆಯಾಗಿದೆ. ಮೂವತ್ತೆಂಟು ವರ್ಷ ಅಂಚೆ ಕಚೇರಿಯಲ್ಲಿ ಕೂತವಳು ಅಂತ ಊರವರೆಲ್ಲ ನನ್ನನ್ನೇ ಕೇಳುತ್ತಾರೆ. ಲಂಡನ್ನಿನಿಂದ, ಟೊರಾಂಟೊದಿಂದ ಕಾಗದ ಬರುತ್ತವೆ: ನಮ್ಮಜ್ಜಿಯ ಗೋರಿ ಇದೆಯೋ ಇಲ್ಲವೋ ತಿಳಿಸಿ. ಒಬ್ಬೊಬ್ಬರಿಗೇ ಉತ್ತರ ಬರೆದು ಬರೆದು ಮಣಿಕಟ್ಟು ನೋಯುತ್ತಿದೆ.

ನಮ್ಮ ಶಾಲೆಯ ಮೇಡಂ ರೋಜಿಲ್ಡಾ ಹೇಳಿದಳು, “ಮಿಸ್ ವಿಟಾಲಿನ್, ಒಂದು ವೆಬ್‌ಸೈಟ್ ಮಾಡ್ಬಿಡೋಣ. ಎಲ್ರ ಹೆಸರೂ ಒಂದೇ ಕಡೆ ಇರತ್ತೆ.” ಸರಿ ಅಂತ ಬಸ್ಸು ಹತ್ತಿ ಪಟ್ಟಣದ ಕಂಪ್ಯೂಟರ್ ಅಂಗಡಿಗೆ ಹೋದೆವು. ಅಂಗಡಿಯವನು, “ಯಾವ ಸಿಎಂಎಸ್ ಬೇಕು?” ಅಂದ. ನಾನು, “ಯಾವ್ದು ಗಟ್ಟಿಯೋ ಅದು ಕೊಡಪ್ಪ” ಅಂದೆ. ಅವನು ನಕ್ಕ. ರೋಜಿಲ್ಡಾಳೂ ನಕ್ಕಳು. ನಾನು ಬೆಪ್ಪಾಗಿ ವಾಪಸು ಬಂದೆ.

ನೀನು ಇಪ್ಪತ್ತು ವರ್ಷದಿಂದ ಹೋಟೆಲ್ಲುಗಳಿಗೆ ಇದನ್ನೇ ಮಾಡಿಕೊಡುತ್ತಿದ್ದೀಯಂತೆ. ನಮಗೆ ಯಾವುದು ಸರಿ ಅಂತ ನೀನು ಹೇಳು. ಇಮೇಲ್ ಮಾಡು ಅನ್ನಬೇಡ. ಅಂಚೆಯ ಅನ್ನ ತಿಂದವಳು ನಾನು.

ನಿನ್ನ ಅಕ್ಕ
ವಿಟಾಲಿನ್

*

ಪುವಾಂತ್-ಆ-ಪಿತ್ರ್, ಗ್ವಾಡೆಲೂಪ್
2 ಮಾರ್ಚ್ 2018

ಪ್ರೀತಿಯ ಅಕ್ಕ,

ನಿನ್ನ ಕೈಬರಹ ಕಂಡು ಲಕೋಟೆಯನ್ನು ಒಂದಿಡೀ ದಿನ ಮೇಜಿನ ಮೇಲೆ ಇಟ್ಟುಕೊಂಡಿದ್ದೆ, ತೆರೆಯದೆ. ಬಿರುಗಾಳಿಯಾದ ಮೇಲೆ ನಾನು ಕಳಿಸಿದ ಎರಡು ಸಂದೇಶ ಮುಟ್ಟಿದವೋ ಇಲ್ಲವೋ. ಇರಲಿ, ಕೆಲಸದ ಮಾತಿಗೆ ಬರುತ್ತೇನೆ.

ಸಿಎಂಎಸ್ ಅಂದರೆ ಹೆದರುವಂಥದ್ದೇನಲ್ಲ. ಪುಟ ಸೇರಿಸುವುದು, ತಿದ್ದುವುದು, ತೆಗೆಯುವುದು, ಯಾರು ಏನು ಮಾಡಬಹುದು ಅನ್ನುವುದು, ಇದನ್ನೆಲ್ಲ ನೋಡಿಕೊಳ್ಳುವ ವ್ಯವಸ್ಥೆ. ನಿನ್ನ ಅಂಚೆ ಕಚೇರಿಯ ಹಿಂಬದಿ ಕೋಣೆ ಇತ್ತಲ್ಲ, ಕಾಗದ ವಿಂಗಡಿಸುವ ಗೂಡುಗಳಿದ್ದದ್ದು, ಹಾಗೆ. ಜನ ಕಾಣುವುದು ಮುಂದಿನ ಕಿಟಕಿ ಮಾತ್ರ.

ಬಾಡಿಗೆ ಮನೆಯಂಥ ವ್ಯವಸ್ಥೆಗಳಿವೆ. ಯಾವುದೋ ಕಂಪನಿಯದು. ಇವತ್ತು ಹೆಸರು ಕೊಟ್ಟರೆ ನಾಳೆ ಪುಟ ಸಿದ್ಧ, ರಿಪೇರಿಯೂ ಅವರದೇ. ಆದರೆ ಅವರು ಬಾಗಿಲು ಮುಚ್ಚಿದ ದಿನ ನಿಮ್ಮ ಸಾಮಾನು ಬೀದಿಗೆ. ಸ್ವಂತ ಮನೆಯಂಥವೂ ಇವೆ. ವ್ಯವಸ್ಥೆ ಪುಕ್ಕಟೆ ಸಿಗುತ್ತದೆ, ನಮಗೆ ಬೇಕಾದ ಹಾಗೆ ಕಟ್ಟಿಕೊಳ್ಳಬಹುದು. ಒಂದೇ ತೊಂದರೆ, ಯಾರಾದರೂ ತಿಳಿದವರು ತಿಂಗಳು ತಿಂಗಳು ನೋಡಿಕೊಳ್ಳುತ್ತಿರಬೇಕು, ಇಲ್ಲದಿದ್ದರೆ ಕಳ್ಳರು ನುಗ್ಗುತ್ತಾರೆ. ನನ್ನ ಮಾತು ಕೇಳಿದರೆ ಸ್ವಂತ ಮನೆಯೇ ಸರಿ. ಸತ್ತ ಒಬ್ಬೊಬ್ಬರಿಗೂ ಒಂದು ಪುಟ. ಕಟ್ಟುವುದೂ ನೋಡಿಕೊಳ್ಳುವುದೂ ನನ್ನದು.

ಒಂದು ಮಾದರಿ ಪುಟ ಮಾಡಬೇಕು. ಅಮ್ಮನ ಹೆಸರಿನಲ್ಲೇ ಮಾಡುತ್ತೇನೆ. ಅವಳ ಗೋರಿಯ ಒಂದು ಫೋಟೋ ಕಳಿಸು. ಸಾಧ್ಯವಾದಷ್ಟು ಬೇಗ.

ನಿನ್ನ ತಮ್ಮ
ಹಿಲೇರ್

*

ಅನ್ಸ್ ಮಾರೋ
25 ಮಾರ್ಚ್ 2018

ತಮ್ಮ ಹಿಲೇರ್,

ಕಾಗದ ಬಂತು. ಅದೇನು ಅಷ್ಟು ದೊಡ್ಡ ಅಕ್ಷರದಲ್ಲಿ ಟೈಪು ಮಾಡಿದ್ದೀಯ, ಒಂದು ಹಾಳೆಯಲ್ಲಿ ಮುಗಿಯುವುದಕ್ಕೆ ನಾಲ್ಕು ಹಾಳೆ? ಅಕ್ಕ ಮುದುಕಿಯಾದಳು, ಕಣ್ಣು ಕಾಣಿಸಲಿಕ್ಕಿಲ್ಲ ಅಂತಲೇ? ನನಗೆ ಇನ್ನೂ ಕನ್ನಡಕ ಇಲ್ಲದೆ ಸೂಜಿಗೆ ದಾರ ಪೋಣಿಸಲು ಬರುತ್ತದೆ, ತಿಳಿದಿರಲಿ.

ಅಂಚೆ ಕಚೇರಿಯ ಹಿಂಬದಿ ಕೋಣೆ ಅಂದೆಯಲ್ಲ, ಆಗ ಅರ್ಥವಾಯಿತು. ರೋಜಿಲ್ಡಾಳಿಗೂ ಓದಿ ಹೇಳಿದೆ.

ಇದರ ಜೊತೆ ನಲವತ್ತು ಹೆಸರು ಇಟ್ಟಿದ್ದೇನೆ. ಸಂಜೆ ಹೊತ್ತು ಚರ್ಚಿನ ಮೆಟ್ಟಿಲ ಮೇಲೆ ಕೂತು ಬಂದವರನ್ನು ಕೇಳಿ ಬರೆದುಕೊಂಡದ್ದು. ಒಬ್ಬರು ಹುಟ್ಟಿದ ವರ್ಷ ಹೇಳಿದರೆ ಇನ್ನೊಬ್ಬರು ಅಲ್ಲ ಅನ್ನುತ್ತಾರೆ. ಮಾ ಯೂಲಾಲಿಯ ವಿಷಯಕ್ಕೆ ಇಬ್ಬರು ಹೆಣ್ಣುಮಕ್ಕಳು ಜಗಳವಾಡಿ ಮಾತು ಬಿಟ್ಟಿದ್ದಾರೆ. ಎರಡೂ ವರ್ಷ ಬರೆದಿದ್ದೇನೆ, ನಿನ್ನ ವ್ಯವಸ್ಥೆಯಲ್ಲಿ ಅದಕ್ಕೆ ಜಾಗ ಇರಲಿ. ಇನ್ನೊಂದು. ಬರೀ ದಫ್ತರಿನ ಹೆಸರು ಸಾಲದು. ಊರು ಅವರನ್ನು ಏನಂತ ಕರೆಯುತ್ತಿತ್ತು, ಏನು ಕೆಲಸ ಮಾಡುತ್ತಿದ್ದರು ಅನ್ನುವುದೂ ಬೇಕು. ‘ಬರ್ನಾರ್ಡ್ ಟೂಸೆಂಟ್’ ಅಂದರೆ ಇಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ‘ಶಂಖ ಊದುವ ಬೆಬೆ’ ಅಂದರೆ ಎಲ್ಲರಿಗೂ ಗೊತ್ತು.

ಫೋಟೋ ಈಗ ಆಗುವುದಿಲ್ಲ. ಮೊಬೈಲಿನ ಕ್ಯಾಮೆರಾ ನೀರು ಕುಡಿದಿದೆ. ಮಾದರಿಗೆ ಬೆಬೆಯ ಹೆಸರು ಹಾಕು.

ವಿಟಾಲಿನ್

*

ಪುವಾಂತ್-ಆ-ಪಿತ್ರ್
14 ಏಪ್ರಿಲ್ 2018

ಪ್ರೀತಿಯ ಅಕ್ಕ,

ಬೆಬೆಯ ಪುಟ ಸಿದ್ಧವಾಗಿದೆ. ರೋಜಿಲ್ಡಾ ಅವರ ಫೋನಿನಲ್ಲಿ ನೋಡು, ವಿಳಾಸ ಬೇರೆ ಚೀಟಿಯಲ್ಲಿದೆ. ದಫ್ತರಿನ ಹೆಸರು, ಊರಿನ ಹೆಸರು, ಕಸುಬು, ಹುಟ್ಟು, ಸಾವು, ಗೋರಿಯ ಸಾಲು, ಸಾಲಿನ ಸಂಖ್ಯೆ, ಹೀಗೆ ಒಂದೊಂದಕ್ಕೂ ಒಂದು ಖಾನೆ. ವರ್ಷದ ಖಾನೆಯಲ್ಲಿ ಎರಡು ಉತ್ತರ ಬರೆಯಬಹುದು. ಮಾ ಯೂಲಾಲಿಯ ಮಕ್ಕಳು ಇನ್ನು ಮಾತಾಡಬಹುದು ಅಂತ ಹೇಳು.

ಅಕ್ಕ, ಫೋಟೋ ವಿಷಯ ಮತ್ತೆ ಕೇಳುತ್ತೇನೆ. ಊರಿನಲ್ಲಿ ನಿನ್ನದೊಂದೇ ಮೊಬೈಲ್ ಅಲ್ಲವಲ್ಲ. ರೋಜಿಲ್ಡಾ ತೆಗೆಯಬಹುದು. ಅಮ್ಮನನ್ನು ಇಟ್ಟ ಜಾಗ ನಾನು ನೋಡಿಲ್ಲ. ಸಮುದ್ರಬಾದಾಮಿ ಮರದ ಹತ್ತಿರ ಅಂತ ಆಗ ನೀನು ಬರೆದಿದ್ದೆ. ಮರ ಇದೆಯೇ? ಕಲ್ಲಿಗೆ ಏನು ಕೆತ್ತಿಸಿದೆ? ನಾನು ಅವತ್ತು ಬರಲಿಲ್ಲ ಅನ್ನುವ ಸಿಟ್ಟು ಇನ್ನೂ ಇದ್ದರೆ ಬೈದುಬಿಡು. ಆದರೆ ಫೋಟೋ ಕಳಿಸು.

ಹಿಲೇರ್

*

ಅನ್ಸ್ ಮಾರೋ
6 ಮೇ 2018

ತಮ್ಮ ಹಿಲೇರ್,

ಕಳೆದ ಭಾನುವಾರ ಪೂಜೆ ಮುಗಿದ ಮೇಲೆ ಶಾಲೆಯಲ್ಲಿ ಸಭೆ ಸೇರಿತು. ಮೂವತ್ತು ಜನ ಬರಬಹುದು ಅಂದುಕೊಂಡಿದ್ದೆವು, ನೂರಕ್ಕೆ ಮೇಲೆ ಬಂದರು. ಜೀಗುಜ್ಜೆ ಕಾಯಿ ಸುಟ್ಟು ತಂದಿದ್ದರು, ಯಾರೂ ಮುಟ್ಟಲಿಲ್ಲ. ರೋಜಿಲ್ಡಾ ಬೆಬೆಯ ಪುಟವನ್ನು ಗೋಡೆಯ ಮೇಲೆ ಬೆಳಕು ಬಿಟ್ಟು ತೋರಿಸಿದಳು. ಬೆಬೆಯ ಹೆಂಡತಿ ಎದ್ದುಹೋಗಿ ಗೋಡೆಯ ಮೇಲೆ ಅವನ ಹೆಸರಿದ್ದ ಕಡೆ ಕೈಯಿಟ್ಟಳು. ಹೆಸರು ಅವಳ ಕೈಮೇಲೆ ಬಿತ್ತು.

ಆಮೇಲೆ ಶುರುವಾಯಿತು ನೋಡು. “ಸಾಲಿನ ನಂಬರ್ ಯಾಕ್ ಹಾಕಿದೀರಿ? ಸಾಲೇ ಇಲ್ವಲ್ಲ!” “ಯಾರ್ ಬೇಕಾದ್ರೂ ಬರೀಬೋದಾ? ನನ್ ಗಂಡನ್ ಮೇಲೆ ಇಲ್ಲದ್ದೆಲ್ಲ ಬರೆದ್ರೆ?” ಮುದುಕ ಒವಿಡ್, ಬಲೆ ಹೆಣೆಯುವವನು, ಅವನ ಹೆಂಡತಿ ಮಕ್ಕಳು ಮೂವರೂ ಕೆಳಗಿನ ಸಾಲಿನಲ್ಲಿದ್ದವರು. ಅವನು ಕೊನೆಗೆ ಕೋಲು ಊರಿ ನಿಂತ. “ಬರಿಯೋದು ಇರ್ಲಿ. ಅಳಿಸೋದು ಯಾರ ಕೈಲಿದೆ ಹೇಳು.”

ರೋಜಿಲ್ಡಾ ಹೇಳಿದಳು, “ಈಗ ಇರೋ ಹಾಗೆ, ಮುಖ್ಯ ಪಾಸ್‌ವರ್ಡ್ ಯಾರ ಹತ್ರ ಇರತ್ತೋ ಅವ್ರ ಕೈಲಿ.”

“ಹಾಗಾದ್ರೆ ಬೇಡ. ಸಮುದ್ರ ಒಂದ್ಸಲ ಅಳಿಸಿ ಆಯ್ತು. ಇನ್ನೊಬ್ರು ಅಳಿಸೋದು ಬೇಡ.”

ಇದಕ್ಕೆ ಏನು ಮಾಡಬಹುದು? ಇಷ್ಟು ಒಪ್ಪಿದ್ದಾರೆ: ಸ್ವಂತ ಮನೆಯಂಥ ವ್ಯವಸ್ಥೆಯೇ ಆಗಲಿ, ಹಿಲೇರ್ ನೋಡಿಕೊಳ್ಳುತ್ತಾನೆ. “ಮಾ ಕ್ಲೆಮೋ ಮಗ ಅಂದ್ಮೇಲೆ ಹಿಡಿದ ಕೆಲ್ಸ ಬಿಡಲ್ಲ” ಅಂತ ಅಮ್ಮನ ಹೆಸರು ಹಿಡಿದು ಅಂದರು.

ಉಳಿದ ತೊಂಬತ್ತೊಂದು ಹೆಸರು ಇದರ ಜೊತೆಗಿವೆ. ಫೋಟೋಗೆ ಅವಸರ ಮಾಡಬೇಡ.

ವಿಟಾಲಿನ್

*

ಅನ್ಸ್ ಮಾರೋ
3 ಜುಲೈ 2018

ಹಿಲೇರ್,

ಎರಡು ತಿಂಗಳಾಯಿತು, ನಿನ್ನ ಸುದ್ದಿಯಿಲ್ಲ. ಬೆಬೆಯ ಪುಟ ಒಂದೇ ನಿಂತಿದೆ, ಒಬ್ಬನೇ ನಿಂತ ಹಾಗೆ. ದಿನಾ ಯಾರಾದರೂ ಕೇಳುತ್ತಾರೆ, “ನಿನ್ ತಮ್ಮ ಏನಂದ?” ಬಿರುಗಾಳಿ ಬಂದು ವರ್ಷ ತುಂಬುವ ದಿನ ಎಲ್ಲ ಹೆಸರೂ ಇರಬೇಕು ಅಂತ ಊರವರ ಆಸೆ. ಹಿಂದಿನ ಕಾಗದ ಕಳೆದುಹೋಯಿತೇ? ಅಂಚೆಯಲ್ಲಿ ಕಳೆದುಹೋಗುವುದು ಕಡಿಮೆ, ನಾನು ಬಲ್ಲೆ.

ವಿಟಾಲಿನ್

*

ಪುವಾಂತ್-ಆ-ಪಿತ್ರ್
20 ಜುಲೈ 2018

ಅಕ್ಕ,

ತಡವಾಯಿತು, ಕ್ಷಮಿಸು. ಯೋಚಿಸಿ ನೋಡಿದೆ. ಸ್ವಂತ ಮನೆಯಂಥದ್ದು ನಿಮಗೆ ಬೇಡ. ಬಾಡಿಗೆ ಮನೆಯಂಥದ್ದೇ ತೆಗೆದುಕೊಳ್ಳಿ. ಅಂಗಡಿಯವನು ತೋರಿಸಿಕೊಡುತ್ತಾನೆ. ರೋಜಿಲ್ಡಾ ಒಬ್ಬರೇ ನಡೆಸಬಹುದು, ನನ್ನ ಅಗತ್ಯ ಬೀಳುವುದಿಲ್ಲ. ಯಾವ ವ್ಯವಸ್ಥೆಯಾದರೂ ನಾನಿಲ್ಲದೆ ನಡೆಯುವಂತಿರಬೇಕು, ಅದೇ ಮುಖ್ಯ. ನಾನು ಮಾಡಿದ್ದನ್ನು ಅಷ್ಟಕ್ಕೇ ಬಿಡಿ.

ಹಿಲೇರ್

*

ಅನ್ಸ್ ಮಾರೋ
5 ಆಗಸ್ಟ್ 2018

ಹಿಲೇರ್,

ನಿನ್ನ ಐದು ಸಾಲಿನ ಕಾಗದವನ್ನು ಊರಿಗೆ ಓದಿ ಹೇಳುವ ಧೈರ್ಯ ನನಗಿಲ್ಲ. ಕಟ್ಟುವುದೂ ನೋಡಿಕೊಳ್ಳುವುದೂ ನನ್ನದು ಅಂತ ಬರೆದವನು ನೀನೇ. ಕೇಳಿದ್ದು ನಾನಾದರೂ ಒಪ್ಪಿದ್ದು ನೀನು. ಹೋಟೆಲ್ಲಿನವರು ಕರೆದರೇನೋ, ಸತ್ತವರ ಕೆಲಸ ಬೇಸರವಾಯಿತೇನೋ. ಅಮ್ಮನ ಸಲವೂ ಹೀಗೇ ಮಾಡಿದೆ. ಬರುತ್ತೇನೆ ಅಂತ ನೀನು ಫೋನು ಮಾಡಿದೆ. ನಾವು ಪೆಟ್ಟಿಗೆಗೆ ಮೊಳೆ ಹೊಡೆಯದೆ ನಾಲ್ಕು ಗಂಟೆಯವರೆಗೂ ಕಾದೆವು. ನಾನು ದೋಣಿ ನಿಲ್ಲುವ ದಕ್ಕೆಗೆ ಎರಡು ಸಲ ಓಡಿದೆ. ‘ದೋಣಿ ಹೊರಡಲಿಲ್ಲ’ ಅಂತ ಆಮೇಲೆ ನೀನು ಬರೆದೆ. ನಾನು ನಂಬಿದೆ.

ಫೋಟೋ, ಫೋಟೋ ಅಂತ ಪ್ರಾಣ ತಿಂದೆಯಲ್ಲ, ಕೇಳು. ಅಮ್ಮನ ಗೋರಿ ಇಲ್ಲ. ಮರವೂ ಇಲ್ಲ, ಕಲ್ಲೂ ಇಲ್ಲ. ಆ ನೂರಮೂವತ್ತೊಂದರಲ್ಲಿ ಅವಳದೂ ಒಂದು. ಕಳಿಸಿದ ಪಟ್ಟಿಯನ್ನು ಓದಿದ್ದರೆ ನಲವತ್ತೊಂದನೆಯ ಹೆಸರು ನಿನಗೇ ಕಾಣುತ್ತಿತ್ತು. ಅದನ್ನೂ ಓದಲಿಲ್ಲ ನೀನು. ಗಾಳಿ ನಿಂತ ಬೆಳಿಗ್ಗೆ ಮೊದಲು ಅಲ್ಲಿಗೇ ಓಡಿದೆ. ನೀರು ಅಷ್ಟು ಶಾಂತವಾಗಿತ್ತು, ಏನೂ ಮಾಡಿಲ್ಲದ ಹಾಗೆ. ಇದನ್ನು ನಿನಗೆ ಹೇಗೆ ಬರೆಯಲಿ ಅಂತ ಹಿಂಜರಿದೆ. ನೋವಾಗುತ್ತದೆ ಅಂದುಕೊಂಡೆ. ಈಗ ಆ ಯೋಚನೆಯಿಲ್ಲ.

ಉತ್ತರ ಬೇಡ.

ವಿಟಾಲಿನ್

*

ಪುವಾಂತ್-ಆ-ಪಿತ್ರ್
29 ಆಗಸ್ಟ್ 2018

ಪ್ರೀತಿಯ ಅಕ್ಕ,

ಈ ಕೈಬರಹ ನನ್ನದಲ್ಲ. ಪಕ್ಕದ ಮನೆಯ ಮದಾಮ್ ಫಿರ್ಮಿನ್ ಬರೆದುಕೊಳ್ಳುತ್ತಿದ್ದಾರೆ. ನಾನು ಹೇಳುತ್ತಿದ್ದೇನೆ. ನಿನ್ನ ಕಾಗದವನ್ನೂ ಅವರೇ ಓದಿದರು. ಗೋರಿಯ ಮಾತು ಬಂದಾಗ ಓದುವುದನ್ನು ನಿಲ್ಲಿಸಿ, “ಹಿಲೇರ್, ಇದನ್ನ ನಾಳೆ ಓದ್ಲಾ?” ಅಂದರು. ಈಗಲೇ ಓದಿ ಅಂದೆ.

ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದು ಎರಡು ವರ್ಷವಾಯಿತು. ನಿನ್ನ ಮೊದಲ ಕಾಗದ ಬಂದಾಗ ಎಡಗಣ್ಣು ಹೋಗಿತ್ತು. ಬಲಗಣ್ಣಿಗೆ ದೊಡ್ಡಕ್ಷರ ಕಾಣುತ್ತಿತ್ತು. ಆ ದೊಡ್ಡಕ್ಷರ ನಿನಗಲ್ಲ ಅಕ್ಕ, ನನಗೆ. ಬೆಬೆಯ ಪುಟವನ್ನು ಮೂಗು ಪರದೆಗೆ ತಾಗಿಸಿಕೊಂಡು ಮಾಡಿದೆ. ಮೇ ತಿಂಗಳಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಡಾಕ್ಟರು ತಮ್ಮ ಕೈಲಾದದ್ದನ್ನೆಲ್ಲ ಮಾಡಿದರು. ಕಟ್ಟು ಬಿಚ್ಚಿದಾಗ ಕಿಟಕಿ ಯಾವ ಕಡೆಯಿದೆ ಅನ್ನುವಷ್ಟು ಗೊತ್ತಾಯಿತು. ಈಗಲೂ ಅಷ್ಟೇ. ನಿನ್ನ ಎರಡನೆಯ ಪಟ್ಟಿ ಬಂದಾಗ ನಾನು ಆಸ್ಪತ್ರೆಯಲ್ಲಿದ್ದೆ. ಮದಾಮ್ ಓದುವವರೆಗೂ ಅದೂ ನಿನ್ನ ಜುಲೈಯ ಕಾಗದವೂ ಲಕೋಟೆಯಲ್ಲೇ ಇದ್ದವು. ಜುಲೈಯ ಐದು ಸಾಲನ್ನು ಬೆರಳ ಅಭ್ಯಾಸದಿಂದ ಟೈಪು ಮಾಡಿದೆ. ಒಬ್ಬ ಕುರುಡನ ಮೇಲೆ ನಿಂತ ಮನೆಗೆ ನೂರಮೂವತ್ತೊಂದು ಜನರನ್ನು ಹೇಗೆ ಸೇರಿಸಲಿ? ಅದಕ್ಕೇ ಬಾಡಿಗೆ ಮನೆ ಅಂದೆ. ಕಣ್ಣಿನ ಮಾತು ಬರೆಯಲಿಲ್ಲ. ನೀನು ಟಾರ್ಪಾಲಿನ ಕೆಳಗೆ ಮಲಗುವವಳು, ನನ್ನ ಚಿಂತೆಯೂ ಯಾಕೆ ಅನ್ನಿಸಿತು.

ಫೋಟೋ ಕೇಳಿದ್ದು ಮಾದರಿಗಲ್ಲ. ಕಣ್ಣಿರುವಾಗಲೇ ಒಂದು ಸಲ ನೋಡಿಬಿಡಬೇಕು ಅಂತ.

ಇನ್ನೊಂದಿದೆ. ಅವತ್ತು ದೋಣಿ ಹೊರಟಿತ್ತು. ಟಿಕೆಟು ಕೈಯಲ್ಲಿತ್ತು. ನಾನು ಹತ್ತಲಿಲ್ಲ. ಊರು ಬಿಟ್ಟ ದಿನ ನಾನೂ ಅಮ್ಮನೂ ಕಿತ್ತಾಡಿದ್ದು ನಿನಗೆ ಗೊತ್ತು. ಕೊನೆಗೆ ನಾನು ಏನಂದೆ ಅನ್ನುವುದು ಗೊತ್ತಿಲ್ಲ. “ನಿನ್ ಮಣ್ಣಿಗೂ ಬರಲ್ಲ” ಅಂದಿದ್ದೆ. ದಕ್ಕೆಯಲ್ಲಿ ನಿಂತಾಗ ಆ ಮಾತು ನೆನಪಾಯಿತು. ಯಾವ ಮುಖ ಹೊತ್ತು ಬರಲಿ ಅನ್ನಿಸಿತು. ದೋಣಿ ಹೋಯಿತು.

ಮದಾಮ್ ಫಿರ್ಮಿನ್ ಕೇಳುತ್ತಿದ್ದಾರೆ, “ಇದನ್ನೂ ಬರೀಬೇಕಾ?” ಬರೆಯಿರಿ ಅಂದೆ.

ಹಿಲೇರ್

*

ಅನ್ಸ್ ಮಾರೋ
9 ಸೆಪ್ಟೆಂಬರ್ 2018

ನನ್ನ ತಮ್ಮ ಹಿಲೇರ್,

ದೊಡ್ಡಕ್ಷರದ ಬಗ್ಗೆ ನಾನು ಆಡಿದ ಮಾತಿಗೆ ನನ್ನ ಬಾಯಿ ಸುಡಲಿ. ಮದಾಮ್ ಫಿರ್ಮಿನ್ ಅವರಿಗೆ ನನ್ನ ನಮಸ್ಕಾರ ಹೇಳು. ಇದನ್ನು ನಿಧಾನವಾಗಿ ಓದಲಿ.

ನೀನು ಹೇಳಿದೆಯಲ್ಲ, ನಾನೂ ಹೇಳುತ್ತೇನೆ. ಅಮ್ಮ ಆ ಮಾತನ್ನು ನನಗೆ ಹೇಳಿದ್ದಳು. ಪ್ರಾಣ ಹೋಗುವ ಹಿಂದಿನ ದಿನ. ಹಿಲೇರ್‌ಗೆ ಸುದ್ದಿ ಕಳಿಸಿದ್ದೇನೆ, ಬರ್ತಾನೆ ಅಂದೆ. ಅವಳು ನಕ್ಕಳು. “ಬರಲ್ಲ ಅಂದಿದಾನೆ ಕಣೆ, ಬರಲ್ಲ. ನನ್ ಹಟಾನೇ ಅವ್ನಿಗೂ ಬಂದಿರೋದು. ನೀನು ಅವ್ನಿಗೆ ಬೈಬೇಡ” ಅಂದಳು. ನಿನಗೆ ತಿಳಿಸು ಅಂತಲೂ ಅಂದಳು. ನಾನು ತಿಳಿಸಲಿಲ್ಲ. ಒಂಬತ್ತು ವರ್ಷ. ನೀನು ನೋಯಲಿ ಅಂತಲೇ ತಿಳಿಸಲಿಲ್ಲ, ಬೇರೆ ನೆಪ ಹೇಳುವುದಿಲ್ಲ. ಪೆಟ್ಟಿಗೆಯ ಹತ್ತಿರ ನಾಲ್ಕು ಗಂಟೆಯವರೆಗೆ ಕಾದವಳು ನಾನು.

ಕೆಲಸದ ಮಾತು. ನಿನ್ನ ಕಾಗದವನ್ನು, ಮನೆಯ ಮಾತಷ್ಟನ್ನು ಬಿಟ್ಟು, ಸಭೆಗೆ ಓದಿದೆ. ಕೆಲವರು ಬಾಡಿಗೆ ಮನೆಯೇ ಇರಲಿ ಅಂದರು. ಒವಿಡ್ ಹೇಳಿದ, “ಬಾಡಿಗೆ ಮನೇಲಿ ಹೆಣ ಇಟ್ಕೊಳಕ್ ಬಿಡ್ತಾರಾ? ಬೇಡ.” ರೋಜಿಲ್ಡಾ ಅಂಗಡಿಯವನ ಹತ್ತಿರ ಮೂರು ಸಲ ಹೋಗಿ ಕೇಳಿಕೊಂಡು ಬಂದಿದ್ದಾಳೆ. ನೀನು ಮೊದಲು ಆರಿಸಿದ ಪುಕ್ಕಟೆ ವ್ಯವಸ್ಥೆಯೇ ಇರಬಹುದಂತೆ. ಬೀಗ ಬಾಗಿಲು ರಿಪೇರಿಗೆ ಮಾತ್ರ ಒಂದು ಕಂಪನಿಯನ್ನು ಇಟ್ಟುಕೊಂಡರೆ ಸಾಕಂತೆ. ಅದು ಮುಚ್ಚಿದರೂ ಸಾಮಾನು ನಮ್ಮದೇ. ಪ್ರತಿ ತಿಂಗಳು ಒಂದು ನಕಲು ಶಾಲೆಯ ಕಪಾಟಿನಲ್ಲಿ. ಬಣ್ಣ, ಚಲಿಸುವ ಚಿತ್ರ ಯಾವುದೂ ಬೇಡ. ಒಬ್ಬರು ಬರೆದದ್ದು ಇನ್ನೊಬ್ಬರು ಒಪ್ಪಿದ ಮೇಲೆಯೇ ಹೊರಗೆ ಕಾಣಬೇಕು. ಅಳಿಸುವ ಅಧಿಕಾರ ಯಾರಿಗೂ ಕೊಡುವುದಿಲ್ಲ, ನನಗೂ ಇಲ್ಲ, ಪಾದ್ರಿಗಳಿಗೂ ಇಲ್ಲ. ತಪ್ಪಿದ್ದರೆ ಪಕ್ಕದಲ್ಲಿ ಸರಿ ಬರೆಯುವುದು.

ಫೋನು ಪುಟವನ್ನು ಗಟ್ಟಿಯಾಗಿ ಓದಿ ಹೇಳುತ್ತದಂತೆ, ನಿಜವೇ? ನಿಜವಾದರೆ ನೋಡಿಕೊಳ್ಳುವ ಕೆಲಸ ನಿನ್ನದೇ. ಕೇಳಿ ನೋಡಿಕೊ. ಇದು ಊರಿನ ತೀರ್ಮಾನ, ನನ್ನೊಬ್ಬಳದಲ್ಲ. ಅಮ್ಮನ ಪುಟಕ್ಕೆ ಏನು ಬರೆಯಬೇಕು ನೀನು ಹೇಳು. ಇನ್ನೂ ಖಾಲಿ ಇದೆ.

ನಿನ್ನ ಅಕ್ಕ

*

ಪುವಾಂತ್-ಆ-ಪಿತ್ರ್
8 ಅಕ್ಟೋಬರ್ 2018

ಪ್ರೀತಿಯ ಅಕ್ಕ,

ಅಮ್ಮ ನಕ್ಕಳು ಅಂತ ಬರೆದಿದ್ದೀಯ. ಆ ಒಂದು ಸಾಲನ್ನು ಮದಾಮ್ ಫಿರ್ಮಿನ್ ಕೈಲಿ ಎಷ್ಟು ಸಲ ಓದಿಸಿದೆನೋ. ಬೇಸರ ಮಾಡಿಕೊಳ್ಳಲಿಲ್ಲ ಪಾಪ.

ವರ್ಷ ತುಂಬಿದ ದಿನ ನೀವು ಪುಟಗಳನ್ನು ತೆರೆದಿರಿ ಅಂತ ರೋಜಿಲ್ಡಾ ಫೋನು ಮಾಡಿದರು. ಅವತ್ತಿನಿಂದ ದಿನಾ ಬೆಳಿಗ್ಗೆ ಕಾಫಿಯ ಹೊತ್ತಿಗೆ ಕೇಳುತ್ತೇನೆ. ಒಂದರಿಂದ ನೂರಮೂವತ್ತೊಂದರವರೆಗೆ. ಯಂತ್ರದ ಹೆಂಗಸು ನಮ್ಮ ಹೆಸರುಗಳನ್ನು ಚಪ್ಪಡಿ ಕಲ್ಲು ಜಗಿದ ಹಾಗೆ ಓದುತ್ತಾಳೆ. ಮೊದಲ ವಾರ ಸಿಟ್ಟು ಬರುತ್ತಿತ್ತು. ಈಗ ಅವಳು ಬಾಯಿ ತೆರೆಯುವ ಮೊದಲೇ ನಾನು ಸರಿಯಾಗಿ ಹೇಳಿಬಿಡುತ್ತೇನೆ.

ತಿದ್ದಬೇಕಾದವು ಇವೆ. ಮಾ ಯೂಲಾಲಿಯ ಫೋಟೋ ಬಂದಾಗ ಯಂತ್ರ ‘ಐಎಂಜಿ ಸೊನ್ನೆ ಸೊನ್ನೆ ನಾಲ್ಕು’ ಅಂತ ಕಡತದ ಹೆಸರನ್ನಷ್ಟೇ ಓದುತ್ತದೆ. ಪ್ರತಿ ಫೋಟೋದ ಜೊತೆ ಅದರಲ್ಲಿ ಏನಿದೆ ಅಂತ ಒಂದು ಸಾಲು ಬರೆಯಿರಿ. ನನ್ನಂಥವರು ಇನ್ನೂ ಇರುತ್ತಾರೆ. ಕೊನೆಯಲ್ಲಿ ‘ನಮಗೆ ಬರೆಯಿರಿ’ ಅಂತ ಒಂದು ಖಾನೆ ಇರಲಿ. ಬಂದದ್ದು ನೇರವಾಗಿ ಹೊರಗೆ ಕಾಣುವುದು ಬೇಡ, ನಿಮಗೆ ಮುಟ್ಟಿದರೆ ಸಾಕು.

ಅಮ್ಮನ ಪುಟಕ್ಕೆ: ಕ್ಲೆಮಾಂಸಿಯಾ ಲರೋಂದ್. ಊರು ಕರೆದದ್ದು ಮಾ ಕ್ಲೆಮೋ. ಬೇ ಮರದ ಪರಿಮಳದ ಎಲೆಯಿಂದ ಎಣ್ಣೆ ಬಟ್ಟಿ ಇಳಿಸುತ್ತಿದ್ದಳು. ಆ ದುಡಿಮೆಯಲ್ಲೇ ಎರಡು ಕೋಣೆಯ ಕಲ್ಲಿನ ಮನೆ ಕಟ್ಟಿಸಿದಳು. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು. ಮಗಳು ಕೊನೆಯವರೆಗೂ ಜೊತೆಗಿದ್ದಳು. ಮಗ ಮಣ್ಣಿಗೆ ಬರಲಿಲ್ಲ.

ಕೊನೆಯ ಸಾಲು ಬಿಡಬೇಡ.

ಹಿಲೇರ್

*

ಅನ್ಸ್ ಮಾರೋ
24 ಅಕ್ಟೋಬರ್ 2018

ನನ್ನ ತಮ್ಮ ಹಿಲೇರ್,

ನೀನು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದು ಒಪ್ಪಿಗೆಗೆ ಕಳಿಸಿದೆ. ರೋಜಿಲ್ಡಾ ಕೊನೆಯ ಸಾಲನ್ನು ಒಪ್ಪಲಿಲ್ಲ. “ಮಿಸ್ ವಿಟಾಲಿನ್, ಇದು ಸತ್ತೋರ ಪುಟ. ಬದುಕಿರೋರ ತಪ್ಪೊಪ್ಪಿಗೆಗೆ ಚರ್ಚಲ್ಲಿ ಬೇರೆ ಜಾಗ ಇದೆ” ಅಂದಳು. ಇನ್ನೊಬ್ಬರು ಒಪ್ಪಬೇಕು ಅನ್ನುವುದು ನಾವೇ ಮಾಡಿದ ನಿಯಮ, ಏನು ಮಾಡಲಿ. ಉಳಿದದ್ದೆಲ್ಲ ಕಾಣುತ್ತಿದೆ.

ಈಗ ಕುಳಿತುಕೊಂಡು ಕೇಳು. ‘ನಮಗೆ ಬರೆಯಿರಿ’ ಖಾನೆಗೆ ಶುಕ್ರವಾರ ಒಂದು ಕಾಗದ ಬಂತು. ನಮ್ಮದೇ ಕ್ರಿಯೋಲ್ ಮಾತಿನಲ್ಲಿ. ಮರಿ-ಗಲಾಂತ್ ದ್ವೀಪದ ಮದಾಮ್ ಎಲ್ವಿನಾ ಅನ್ನುವ ಮುದುಕಿಯದು. ಅವಳು ಹೇಳಿದ್ದನ್ನು ಸೊಸೆ ಬರೆದಿದ್ದಾಳೆ. ಬಿರುಗಾಳಿಯಾದ ಮೂರನೆಯ ವಾರ ಅವರ ಕಡಲತೀರಕ್ಕೆ ದಕ್ಷಿಣದಿಂದ ಐದು ಜನ ಬಂದರಂತೆ. ಮೂಳೆ ಅಂತ ಬರೆದಿಲ್ಲ ಅವಳು, ಜನ ಅಂತಲೇ ಬರೆದಿದ್ದಾಳೆ. ಮುರಿದ ಪೆಟ್ಟಿಗೆಯ ಹಲಗೆಗಳೂ ಇದ್ದವಂತೆ. ಪೊಲೀಸರು ಬಂದು ಬರೆದುಕೊಂಡು ಹೋದರು, ಕೇಳಿಕೊಂಡು ಯಾರೂ ಬರಲಿಲ್ಲ. ಮೀನುಗಾರರು ಹಣ ಹಾಕಿ ಪೆಟ್ಟಿಗೆ ಮಾಡಿಸಿ, ಪಾದ್ರಿಯನ್ನು ಕರೆಸಿ, ತಮ್ಮ ಸ್ಮಶಾನದ ಮೂಲೆಯಲ್ಲಿ ಮಣ್ಣು ಮಾಡಿದ್ದಾರೆ. ಹೆಸರು ಗೊತ್ತಿಲ್ಲದ್ದಕ್ಕೆ ಶಿಲುಬೆಯ ಮೇಲೆ ಬರೀ ತಾರೀಕು. ‘ನಿಮ್ಮವರೇ ಇರಬಹುದು, ಬಂದು ನೋಡಿ’ ಅಂತ ಕೊನೆಗೆ ಬರೆದಿದ್ದಾಳೆ.

ನೂರಮೂವತ್ತೊಂದರಲ್ಲಿ ಐದು. ಯಾರೋ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ. ಸಭೆಯಲ್ಲಿ ಓದಿದಾಗ ಪ್ರತಿಯೊಬ್ಬರೂ ತಮ್ಮವರೇ ಅಂದುಕೊಂಡರು. ಮುಖದಲ್ಲೇ ಕಾಣುತ್ತಿತ್ತು. ಒವಿಡ್ ಹೊರಗೆ ಹೋಗಿ ಗೋಡೆಗೆ ಒರಗಿ ಕೂತ.

ಜನವರಿಗೆ ಹತ್ತು ಜನ ಸೇರಿ ಹೋಗುವುದೆಂದು ತೀರ್ಮಾನವಾಗಿದೆ. ಅಷ್ಟರೊಳಗೆ ಆಗುವುದಿಲ್ಲ, ಚಾವಣಿಯ ತಗಡು ಈಗ ಬಂದಿದೆ. ನಿನಗೆ ಅದು ದೋಣಿಯಲ್ಲಿ ಒಂದೇ ಗಂಟೆ. ಹೋಗು ಅಂತ ನಾನು ಹೇಳುವುದಿಲ್ಲ. ಕಣ್ಣಿಲ್ಲದವನನ್ನು ದೋಣಿ ಹತ್ತು ಅನ್ನಲು ನನಗೆ ಬಾಯಿ ಬರುವುದಿಲ್ಲ. ತಿಳಿಸಿದ್ದೇನೆ, ಅಷ್ಟೇ.

ನಿನ್ನ ಅಕ್ಕ

*

ಪುವಾಂತ್-ಆ-ಪಿತ್ರ್
5 ನವೆಂಬರ್ 2018

ಪ್ರೀತಿಯ ಅಕ್ಕ,

ಶನಿವಾರ ಹೋಗಿ ನಿನ್ನೆ ಬಂದೆ. ಮದಾಮ್ ಫಿರ್ಮಿನ್ ಜೊತೆಗೆ ಬರುತ್ತೇನೆ ಅಂದರು, ದಕ್ಕೆಯವರೆಗೆ ಸಾಕು ಅಂದೆ. ದೋಣಿ ಹತ್ತುವ ಹಲಗೆಯ ಮೇಲೆ ಕಾಲಿಡುವಾಗ ನಿಂತೆ. ಹಿಂದಿನವರು “ಹತ್ತಿ, ಹತ್ತಿ” ಅಂದರು. ಹತ್ತಿದೆ.

ಆ ಕಡೆ ಮದಾಮ್ ಎಲ್ವಿನಾಳ ಸೊಸೆ ಕಾರು ತಂದಿದ್ದಳು. ಎಲ್ವಿನಾಗೆ ಎಂಬತ್ತು ದಾಟಿರಬೇಕು, ಕೈ ಹಿಡಿದರೆ ಬರೀ ಗಂಟುಗಳು. ನನ್ನ ಕೋಲು ಕಿತ್ತುಕೊಂಡು, “ಇದು ಬೇಡ, ನನ್ ತೋಳು ಹಿಡ್ಕೋ. ನಂಗೆ ಮಂಡಿ ಬರಲ್ಲ, ನಿಂಗೆ ಕಣ್ ಬರಲ್ಲ. ಇಬ್ರೂ ಸೇರಿ ಒಂದಾಳು” ಅಂದಳು.

ಐದು ದಿಬ್ಬಗಳು. ಸುತ್ತ ಶಂಖದ ಚಿಪ್ಪು ಹೂತಿಟ್ಟಿದ್ದಾರೆ, ನಮ್ಮಲ್ಲಿ ಮಾಡುವ ಹಾಗೆಯೇ. ಎಲ್ಲ ಸಂತರ ಹಬ್ಬಕ್ಕೆ ಹಚ್ಚಿದ ಮೇಣದ ಹನಿ ಬೆರಳಿಗೆ ಸಿಕ್ಕಿತು. ಈ ಐದಕ್ಕೂ ಹಚ್ಚಿದ್ದರು. ಮಂಡಿಯೂರಿ ಒಂದೊಂದನ್ನೂ ಮುಟ್ಟಿ ನೋಡಿದೆ. ಯಾವುದರ ಹತ್ತಿರವೂ ಬೇರೆ ಏನೂ ಅನ್ನಿಸಲಿಲ್ಲ, ಸುಳ್ಳು ಹೇಳುವುದಿಲ್ಲ. ಐದಕ್ಕೂ ಒಂದೊಂದು ಹಿಡಿ ಮಣ್ಣು ಹಾಕಿದೆ.

“ನಿನ್ನೋರು ಯಾರು ಮಗನೇ?” ಅಂತ ಕೇಳಿದಳು ಎಲ್ವಿನಾ.

“ಅಮ್ಮ. ಆದ್ರೆ ಇಲ್ಲಿರೋದು ಅವಳೇ ಅಂತ ಹೇಳಕ್ಕಾಗಲ್ಲ. ನೂರಮೂವತ್ತೊಂದು ಜನ ಇದಾರೆ.”

“ಹಾಗಾದ್ರೆ ಎಲ್ರ ಹೆಸರೂ ಹೇಳು. ಇಲ್ಲಿರೋರಿಗೆ ತಮ್ ಹೆಸರು ಕೇಳಿಸ್ಲಿ. ವರ್ಷದ್ ಮೇಲಾಯ್ತು ಯಾರೂ ಕರೆದಿಲ್ಲ ಅವ್ರನ್ನ.”

ಅಕ್ಕ, ನನಗೆ ಪಟ್ಟಿ ಬೇಕಾಗಲಿಲ್ಲ. ಬೆಬೆಯಿಂದ ಶುರು ಮಾಡಿದೆ. ಹೆಸರು, ಊರು ಕರೆದದ್ದು, ಕಸುಬು. ಅವಳು ಜಪಮಾಲೆ ತೆಗೆದು ಒಂದೊಂದು ಹೆಸರಿಗೆ ಒಂದೊಂದು ಮಣಿ ಸರಿಸುತ್ತಿದ್ದಳು. ಟಿಕ್ ಟಿಕ್ ಅಂತ ಕೇಳುತ್ತಿತ್ತು. ನಲವತ್ತೊಂದಕ್ಕೆ ಬಂದೆ. ಕ್ಲೆಮಾಂಸಿಯಾ ಲರೋಂದ್, ಮಾ ಕ್ಲೆಮೋ ಅಂದೆ. ಮುಂದೆ ಮಾತು ಹೊರಡಲಿಲ್ಲ. ಎಲ್ವಿನಾ ನನ್ನ ಬೆನ್ನ ಮೇಲೆ ಕೈಯಿಟ್ಟಳು. ಬಹಳ ಹೊತ್ತಾದ ಮೇಲೆ ಮೆಲ್ಲಗೆ, “ಆಮೇಲ್ ಯಾರು ಮಗನೇ?” ಅಂದಳು.

ಆಮೇಲೆ ಆಂತ್ವಾನ್ ಸೆರಾಫಿನ್, ದೋಣಿ ಕಟ್ಟುತ್ತಿದ್ದವನು. ಹೇಳಿದೆ. ಒವಿಡ್‌ನ ಮೂವರನ್ನು ಹೇಳಿದೆ. ಬಿಸಿಲು ನೆತ್ತಿಯಿಂದ ಕೆನ್ನೆಗೆ ಸರಿಯಿತು. ಕೊನೆಯ ಹೆಸರು ಹೇಳಿ ಎದ್ದು ನಿಂತು ಮಣ್ಣು ಕೊಡವಿಕೊಂಡೆ. ಎಲ್ವಿನಾ ಅಲುಗಾಡಲಿಲ್ಲ.

“ಎಷ್ಟಂದೆ ಒಟ್ಟು?”

“ನೂರಮೂವತ್ತೊಂದು.”

“ನನ್ ಮಣಿ ನೂರಾ ಇಪ್ಪತ್ತೊಂಬತ್ತು ಅಂತಿದೆ. ಇಬ್ರನ್ನ ಬಿಟ್ಟಿದೀಯ.”

ಯಾರನ್ನು ಬಿಟ್ಟೆ ಅಂತ ನೆನಪಾಗಲಿಲ್ಲ. ಅಮ್ಮನ ಹೆಸರಾದ ಮೇಲೆ ಎಲ್ಲೋ ತಪ್ಪಿದ್ದಿರಬೇಕು. ದೋಣಿಯ ಹೊತ್ತಾಗುತ್ತಿದೆ ಅಂತ ಸೊಸೆ ಕಾರಿನಿಂದ ಕೂಗಿದಳು. ಮುದುಕಿ ನನ್ನ ಅಂಗಿಯ ತುದಿ ಹಿಡಿದು ಜಗ್ಗಿದಳು. “ಕೂತ್ಕೋ. ದೋಣಿ ನಾಳೇನೂ ಇದೆ. ಮತ್ತೆ ಮೊದ್ಲಿಂದ ಹೇಳು.”

ಕೂತೆ. ಮತ್ತೆ ಬೆಬೆಯಿಂದ ಶುರು ಮಾಡಿದೆ. ಈ ಸಲ ಅಮ್ಮನ ಹೆಸರಿನಲ್ಲಿ ನಿಲ್ಲಲಿಲ್ಲ. ನೂರಮೂವತ್ತೊಂದೂ ಆದವು.

ನಿನ್ನ ತಮ್ಮ
ಹಿಲೇರ್